ನಾಯಿಗೆ ನಿವೃತ್ತಿ, ನನಗೆ ನೇಮಕ

ಮದುವೆಯಾದ ಗಂಡಸಿಗೆ ಬಡ್ತಿ ಎಂಬುದಿಲ್ಲ, ಹಿಂಬಡ್ತಿ ಮಾತ್ರ ಉಂಟು ಎಂಬುದು ನನಗೆ ಗೊತ್ತಿತ್ತು. ಆದರೆ ಕುರಿಗಳ ಯಜಮಾನನಾಗಿ ಮೆರೆದವನು ಮುಪ್ಪಿನಲ್ಲಿ ತನ್ನದೇ ಹುಲ್ಲುಗಾವಲಿನಲ್ಲಿ ನಾಯಿಯ ಹುದ್ದೆಗೆ ಇಳಿದದ್ದು ನಮ್ಮ ಸೌತ್‌ಲ್ಯಾಂಡ್ ಸೀಮೆಯ ಚರಿತ್ರೆಯಲ್ಲೇ ಮೊದಲಿರಬೇಕು.

ಎಲ್ಲಕ್ಕೂ ಮೂಲ, ನನ್ನ ಹೆಂಡತಿ ನೈರಿ ಬಾಟಲಿ ಹಾಲು ಕುಡಿಸಿ ಸಾಕಿದ ಒಂದು ತಬ್ಬಲಿ ಕುರಿಮರಿ. ಕಸಾಯಿಖಾನೆಯ ಲಾರಿ ಬಂದ ದಿನ ಅದು ಹೆದರಲೂ ಇಲ್ಲ, ಓಡಲೂ ಇಲ್ಲ. ಲಾರಿಯ ಪಕ್ಕದಲ್ಲಿ ನೈರಿ ನಿಂತಿದ್ದಾಳೆಂಬ ನಂಬಿಕೆಯಿಂದ ತಾನಾಗಿಯೇ ಹಲಗೆ ಹತ್ತಿ, ಅವಳ ಕೈ ಮೂಸಿತು. ನೈರಿ ಲಾರಿಯನ್ನು ಖಾಲಿಯಾಗಿ ವಾಪಸು ಕಳಿಸಿದಳು. ಸಂಜೆಯೊಳಗೆ ನಮ್ಮ ಅಡುಗೆಮನೆಯಲ್ಲಿ ಹೊಸ ಧರ್ಮದ ಸಂಸ್ಥಾಪನೆಯಾಯಿತು: ಪ್ರಾಣಿಯನ್ನು ತಿನ್ನಬಾರದು, ಹಿಂಡಬಾರದು, ಮಾರಬಾರದು, ದುಡಿಸಬಾರದು. ಮಾಂಸ ಹೋಯಿತು, ಬೆಣ್ಣೆ ಹೋಯಿತು, ಜೇನೂ ಹೋಯಿತು. ನನ್ನ ಚರ್ಮದ ಬೂಟುಗಳಿಗೆ ಸೇಬಿನ ಮರದ ಬುಡದಲ್ಲಿ ಸಕಲ ಗೌರವದೊಂದಿಗೆ ಮಣ್ಣಾಯಿತು. ಕುರಿಗಳೆಲ್ಲ ‘ನಿವಾಸಿಗಳು’ ಎನಿಸಿಕೊಂಡವು. (ನಾನೂ ಅದೇ ಮನೆಯ ನಿವಾಸಿಯಲ್ಲವೇ, ನನಗೂ ಸ್ವಲ್ಪ ಗೌರವ ಸಿಕ್ಕೀತು ಎಂದುಕೊಂಡೆ. ಆಸೆಗೆ ತೆರಿಗೆಯಿಲ್ಲ.)

ಕೊನೆಗೆ ಅವಳ ಕಣ್ಣು ಕುರಿ ಅಟ್ಟುವ ನಮ್ಮ ನಾಯಿ ಬೆಸ್ ಮೇಲೆ ಬಿತ್ತು.

“ಇನ್ಮೇಲೆ ಬೆಸ್‌ಗೆ ಯಾರೂ ಸಿಳ್ಳೆ ಹಾಕೋ ಹಾಗಿಲ್ಲ. ಬಾ ಅನ್ನೋ ಹಾಗೂ ಇಲ್ಲ, ಹೋಗು ಅನ್ನೋ ಹಾಗೂ ಇಲ್ಲ.”

“ಕುರಿ ಅಟ್ಟೋದಂದ್ರೆ ಅದಕ್ಕೆ ಪಂಚಪ್ರಾಣ ಕಣೇ!”

“ಅದರ ಒಪ್ಪಿಗೆ ಕೇಳಿದ್ಯಾ?”

“ನನ್ನ ಒಪ್ಪಿಗೆ ಯಾರು ಕೇಳಿದ್ರು?”

“ಪಾದ್ರಿ ಕೇಳಿದ್ರು. ಇಡೀ ಚರ್ಚಿನ ಮುಂದೆ ನೀನು ‘ಹೂಂ’ ಅಂದೆ. ಸಾಕ್ಷಿಗಳಿನ್ನೂ ಬದುಕಿದ್ದಾರೆ.”

ಬೆಸ್ ಜಗುಲಿಯ ಸೋಫಾ ಏರಿತು. ರಾತ್ರಿ ಬೇಳೆ ಬೇಯಿಸಿ ಹಾಕಿದಾಗ ಅದು ನನ್ನ ಮುಖ ನೋಡಿತು, ನಾನು ನೈರಿಯ ಮುಖ ನೋಡಿದೆ, ಇಬ್ಬರೂ ಬಾಯಿ ಮುಚ್ಚಿಕೊಂಡು ತಿಂದೆವು.

ವಸಂತದ ಮಳೆಗೆ ಹೊಳೆ ಉಕ್ಕಿತು. ಕುರಿಗಳೆಲ್ಲ ತಗ್ಗಿನ ಹುಲ್ಲುಗಾವಲಿನಲ್ಲಿದ್ದವು. ಪಕ್ಕದ ಜಮೀನಿನ ವಿರೆಮು ಬೇಲಿಯಾಚೆಯಿಂದ ನನ್ನ ಹೆಸರು ಹಿಡಿದು ಕೂಗಿದ:

“ಮರ್ಡೋ! ನೀರು ದಂಡೆ ದಾಟ್ತಿದೆ ಮಾರಾಯ! ಈಗ್ಲೇ ಗುಡ್ಡದ ದೊಡ್ಡಿಗೆ ಹತ್ತಿಸದಿದ್ರೆ, ನಾಳೆ ಕುರಿಗಳನ್ನ ಸಮುದ್ರದಲ್ಲಿ ಹುಡುಕ್ಬೇಕು. ನನ್ನ ನಾಯಿಗಳನ್ನ ಬಿಡ್ಲಾ?”

“ಪಕ್ಕದ ಮನೆ ಗುಲಾಮರೂ ಗುಲಾಮರೇ,” ಎಂದಳು ನೈರಿ. ಆಮೇಲೆ ನನ್ನತ್ತ ತಿರುಗಿದಳು. “ನೀನಿದ್ದೀಯಲ್ಲ.”

“ಬೊಗಳದೆ ಅವು ಕದಲಲ್ಲ ಕಣೇ!”

“ಮದುವೆ ಆದಾಗಿಂದ ನೀನು ಮಾಡ್ತಿರೋದು ಇನ್ನೇನು? ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ.”

ಓಡಿದೆ. ನನ್ನ ಮುದಿ ಮೊಣಕಾಲಿನ ಲಟಲಟ ಸದ್ದಿಗೆ, ಬೇಟೆಗಾರ ಬಂದನೆಂದು ಮೂರು ಕಣಿವೆಯ ಬಾತುಗಳು ಹಾರಿಹೋದವು. ಎಡಕ್ಕೆ ಓಡಿ ಬೊಗಳಿದೆ, ಬಲಕ್ಕೆ ಓಡಿ ಬೊಗಳಿದೆ. ಮತ ಕೇಳಲು ಬಂದ ಅಭ್ಯರ್ಥಿಯನ್ನು ನೋಡುವಂತೆ ಕುರಿಗಳು ನನ್ನನ್ನು ನೋಡಿ, ಮೇಯುವುದನ್ನು ಮುಂದುವರಿಸಿದವು.

“ಬಾಲ ಆಡಿಸು ಮಾರಾಯ, ಅವಕ್ಕೆ ನಂಬಿಕೆ ಬರ್ಲಿ!” ಎಂದು ವಿರೆಮು ಹುರಿದುಂಬಿಸಿದ.

ನೀರು ಪಾದ ಮುಟ್ಟಿತು. “ಮರ್ಡೋ, ನನ್ನ ಮರಿ ನೀರಲ್ಲಿದೆ!” ಎಂದು ನೈರಿ ಕಿರುಚಿದಳು. ಈ ಸಲ ಅವಳ ದನಿಯಲ್ಲಿ ಧರ್ಮವಿರಲಿಲ್ಲ, ಹೆದರಿಕೆಯಿತ್ತು. ಬೆಸ್‌ಗೆ ಸಿಳ್ಳೆ ಹಾಕಲು ಅವಳ ಎರಡು ಬೆರಳು ಬಾಯಿಯ ತನಕ ಹೋದವು, ಹೋಗಿ, ನಿಂತವು.

“ಧರ್ಮ ದೊಡ್ಡದಾ, ಮರಿ ದೊಡ್ಡದಾ, ನೈರಿ?” ಎಂದ ವಿರೆಮು.

ಅವಳು ಉತ್ತರ ಕೊಡಬೇಕಾಗಿ ಬರಲಿಲ್ಲ. ಇಷ್ಟು ಕಳಪೆ ಕೆಲಸವನ್ನು ಸಹಿಸಲಾರದೆ ಬೆಸ್ ಸೋಫಾದಿಂದ ಹಾರಿತ್ತು. ಅದು ಬಾಣದಂತೆ ಬರುವುದನ್ನು ಕಂಡು ನನ್ನ ಕಣ್ಣು ತುಂಬಿ ಬಂತು. ಆದರೆ ಬೆಸ್ ಕುರಿಗಳನ್ನು ದಾಟಿ ನೇರವಾಗಿ ನನ್ನ ಹಿಮ್ಮಡಿಗೇ ಬಂತು. ಮಂದೆಯಲ್ಲಿ ಎಲ್ಲರಿಗಿಂತ ದಿಕ್ಕೆಟ್ಟವನನ್ನು ಮೊದಲು ಹಿಡಿಯಬೇಕೆಂಬುದು ಅದರ ವೃತ್ತಿಯ ಮೊದಲ ಪಾಠ. ಗುಡುಗಿನಂತೆ ಬೊಗಳಿತು. ನಾನು ಗುಡ್ಡದತ್ತ ಓಡಿದೆ. ಒಬ್ಬ ಓಡಿದರೆ ಹಿಂದೆ ಓಡುವುದು ಕುರಿಯ ಕುಲಧರ್ಮ. ಮಂದೆಯೆಲ್ಲ ನನ್ನ ಹಿಂದೆ ಬಿತ್ತು. ನೈರಿಯ ಮರಿಯೂ ನೀರು ಕೊಡವಿಕೊಂಡು ಬಂತು. ದೊಡ್ಡಿಗೆ ಮೊದಲು ನುಗ್ಗಿದವನು ನಾನು. ನೈರಿ ಓಡಿಬಂದು ಬಾಗಿಲು ಹಾಕಿ, ಮರಿಯ ತಲೆ ತಬ್ಬಿಕೊಂಡು ಅತ್ತಳು.

“ನೋಡಿದ್ಯಾ? ತನ್ನ ಇಷ್ಟದಿಂದ ಮಾಡ್ತು. ಇದು ದುಡಿಸಿದ್ದಲ್ಲ!”

“ಸರಿ ತಾಯಿ, ಬಾಗಿಲು ತೆಗಿ.”

ತೆಗೆದಳು. ನಾನು ಕಾಲಿಟ್ಟೆ. ಬಾಗಿಲಿಗೆ ಅಡ್ಡ ಮಲಗಿದ್ದ ಬೆಸ್ ಹಲ್ಲು ತೋರಿಸಿತು. ಹಿಂದೆ ಸರಿದೆ.

“ಅದನ್ನ ಆಚೆ ಕರಿಯೇ!”

ನೈರಿ ಬೆಸ್‌ನ ಹಲ್ಲು ನೋಡಿದಳು, ನನ್ನ ಮುಖವನ್ನೂ ನೋಡಿದಳು. ನನ್ನ ಮೇಲೆ ಕನಿಕರವಿತ್ತು, ಇಲ್ಲವೆನ್ನಲಾರೆ.

“ಆಜ್ಞೆ ಮಾಡೋ ಹಾಗಿಲ್ವಲ್ಲ, ಮರ್ಡೋ. ಅದಕ್ಕೆ ಮನಸ್ಸು ಬಂದಾಗ ಬಿಡತ್ತೆ,” ಎಂದು ಚಹಾ ಕಾಯಿಸಲು ಹೊರಟಳು.

ಕತ್ತಲಾಯಿತು. ಚಳಿ ಗಾಳಿ ಬೀಸಿತು. ಕುರಿಗಳು ಒತ್ತಿಕೊಂಡು ಮಲಗಿ, ಸ್ವಲ್ಪ ಸರಿದು ನನಗೂ ಜಾಗ ಮಾಡಿಕೊಟ್ಟವು. ಅವಕ್ಕೆ ಯಾರೂ ಆಜ್ಞೆ ಮಾಡಿರಲಿಲ್ಲ.