ಗ್ರೂಪ್ ಫೋಟೋದ ಕೊನೆಯ ಕುರ್ಚಿ

ನನಗೆ ದೊಡ್ಡ ಆಸೆಗಳಿಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿಕೊಂಡು ಬಂದಿದ್ದೆ. ನಂಬಿದ್ದಷ್ಟೇ ಅಲ್ಲ, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೂ ಬಂದಿದ್ದೆ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಸಂಜೆ ಕಾಫಿ ಮುಂದಿಟ್ಟುಕೊಂಡು, ಮನುಷ್ಯನಿಗೆ ಏನು ಬೇಕು ಹೇಳಿ, ಎರಡು ಹೊತ್ತು ಊಟ, ಒಂದು ಒಳ್ಳೆಯ ನಿದ್ದೆ, ಇಷ್ಟು ಸಾಲದೇ ಎಂದು ನಾನು ಶುರು ಮಾಡಿದರೆ ಎದುರಿಗೆ ಕೂತವರು ಶಿವಮೊಗ್ಗದ ಬಸ್ಸು ಬಂತೆಂದು ಎದ್ದುಬಿಡುತ್ತಿದ್ದರು. ಅವರಲ್ಲಿ ಕೆಲವರಿಗೆ ಶಿವಮೊಗ್ಗದಲ್ಲಿ ಯಾವ ಕೆಲಸವೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ನನ್ನ ಹೆಂಡತಿ ಗಿರಿಜೆಗೆ ಹಾಗೆ ಬಸ್ಸು ಹತ್ತಿ ಹೋಗುವ ಅನುಕೂಲವಿರಲಿಲ್ಲ. ಪಾಪ, ಕೂತು ಕೇಳುತ್ತಿದ್ದಳು. ಒಮ್ಮೆ ಮಾತ್ರ ಅಕ್ಕಿ ಆರಿಸುತ್ತ, ತಲೆಯನ್ನೂ ಎತ್ತದೆ, ಕೈಗೆ ಸಿಗದೇ ಇರುವುದರ ಮೇಲೆ ನಿಮಗೆ ಆಸೆಯಿಲ್ಲ, ಅದೇನೋ ನಿಜ ಎಂದಳು. ಅದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಇಂಥ ನಾನು ಒಂದು ಕುರ್ಚಿಗಾಗಿ ಒದ್ದಾಡಿದೆ. ಎಪ್ಪತ್ತರ ದಶಕದ ಮಾತು. ಆಗ ನಮ್ಮ ಕಚೇರಿಯಲ್ಲಿ ಆಫೀಸರಿಗೆ ವರ್ಗವಾದರೆ ಒಂದು ಹಾರ, ಒಂದಿಷ್ಟು ಖಾರಾ, ಬಾಳೆಹಣ್ಣು ಮತ್ತು ಒಂದು ಗ್ರೂಪ್ ಫೋಟೋ ಇಲ್ಲದೆ ಅವರನ್ನು ಊರು ಬಿಡಲು ಬಿಡುತ್ತಿರಲಿಲ್ಲ. ಈ ಪ್ರಪಂಚದಲ್ಲಿ ತನ್ನ ಜಾಗ ಯಾವುದೆಂದು ತಿಳಿಯಬೇಕಾದವನು ವೇದಾಂತ ಓದಬೇಕಾಗಿಲ್ಲ, ಇಂಥ ಒಂದು ಫೋಟೋಗೆ ಹೋದರೆ ಸಾಕು. ನಡುವೆ ಆಫೀಸರ ಕೈಕುರ್ಚಿ. ಅದರ ಎರಡೂ ಕಡೆ ದರ್ಜೆಗೆ ತಕ್ಕಂತೆ ಕುರ್ಚಿಗಳು ಇಳಿಯುತ್ತ ಹೋಗುತ್ತವೆ. ಮೊದಲು ಕೈ ಇರುವವು, ಆಮೇಲೆ ಕೈ ಇಲ್ಲದವು. ಮುಂದೆ ಜಮಖಾನದ ಮೇಲೆ ಜವಾನರು. ಹಿಂದೆ ಬೆಂಚು ಹತ್ತಿ ನಿಂತವರು ನಮ್ಮಂಥ ಗುಮಾಸ್ತರು. ಯಾರೂ ಯಾರಿಗೂ ಏನೂ ಹೇಳುವುದಿಲ್ಲ, ಎಲ್ಲರೂ ನೀರು ಹರಿದಂತೆ ತಮ್ಮ ತಮ್ಮ ಜಾಗಕ್ಕೆ ಹೋಗಿ ಸೇರಿಕೊಳ್ಳುತ್ತಾರೆ.

ನಾನು ಬೆಂಚಿನ ಮೇಲೆ ನಿಂತೇ ಸುಖವಾಗಿದ್ದವನು. ಅದನ್ನು ಕೆಡಿಸಿದ್ದು ಹೊಸದುರ್ಗದ ನಮ್ಮ ಮಾವನವರ ಮನೆಯ ಗೋಡೆ. ಅಲ್ಲಿ ಎರಡು ಗ್ರೂಪ್ ಫೋಟೋಗಳಿದ್ದವು. ಒಂದರಲ್ಲಿ ಹಿರಿಯೂರಿನ ನನ್ನ ಷಡ್ಡಕ, ಯಾವುದೋ ಸಂಘದ ಕಾರ್ಯದರ್ಶಿ, ಕೈಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಇನ್ನೊಂದರಲ್ಲಿ ನಾನಿದ್ದೆ. ಬೆಂಚಿನ ಮೇಲೆ ನನ್ನ ಮುಂದೆ ನಿಂತವನು ನಮ್ಮ ಕಚೇರಿಯದೇ ಗುಮಾಸ್ತ, ಹಿರೇಗುಂಟನೂರಿನ ತಿಪ್ಪೇಸ್ವಾಮಿ. ಅವನ ಮನೆಯವರು ತಲೆಮಾರುಗಳಿಂದ ಕುರಿ ಕಾಯ್ದವರು. ದೂರದ ಕುರಿ ಕಾಣಲೆಂದೇ ದೇವರು ಅವರಿಗೆಲ್ಲ ಅಷ್ಟು ಎತ್ತರ ಕೊಟ್ಟಿರಬೇಕು. ಹಾಗಾಗಿ ಫೋಟೋದಲ್ಲಿ ಅವನ ಕಿವಿಯ ಪಕ್ಕ ನನ್ನದೊಂದು ಕಣ್ಣು, ಅರ್ಧ ಮೂಗು ಬಂದಿತ್ತು. ಮನೆಗೆ ಬಂದವರಿಗೆಲ್ಲ ಮಾವನವರು ಮೊದಲು ಷಡ್ಡಕನನ್ನು ತೋರಿಸಿ, ಆಮೇಲೆ ನನ್ನ ಫೋಟೋದ ಮುಂದೆ ಬೆರಳನ್ನು ಅತ್ತಿಂದಿತ್ತ ಓಡಾಡಿಸುತ್ತ, “ಸಣ್ಣ ಅಳಿಯಂದ್ರೂ ಇದ್ರಾಗೆ ಎಲ್ಲೋ ಅವ್ರೆ” ಎನ್ನುತ್ತಿದ್ದರು. ಮುದುಕರು ವ್ಯಂಗ್ಯಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಹುಡುಕುತ್ತಿದ್ದರು.

ಅಷ್ಟರಲ್ಲಿ ನನಗೆ ಫಸ್ಟ್ ಡಿವಿಜನ್ ಗುಮಾಸ್ತನಾಗಿ ಬಡ್ತಿ ಸಿಕ್ಕಿತು. ಅದರ ಹಿಂದೆಯೇ ಆಫೀಸರಿಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಹೊಸದಾಗಿ ಫಸ್ಟ್ ಡಿವಿಜನ್ ಆದವನು ಕೂರಬೇಕೋ ನಿಲ್ಲಬೇಕೋ ಎಂಬುದು ಯಾವ ರೂಲ್ಸಿನಲ್ಲೂ ಇರಲಿಲ್ಲ. ಕೇಳೋಣವೆಂದರೆ ಕೇಳುವಂಥ ಮಾತಲ್ಲ. ಕೇಳಿದ ಕ್ಷಣವೇ ನನ್ನ ವೈರಾಗ್ಯದ ಮಾನ ಹೋಗುತ್ತದೆ. ಫೋಟೋದ ದಿನ ಮದುವೆಯಲ್ಲಿ ಹೊಲಿಸಿದ ಉಣ್ಣೆ ಕೋಟು ಹಾಕಿಕೊಂಡೆ. ಗುಂಡಿ ಹಾಕಿದರೆ ಉಸಿರು ನಿಲ್ಲುತ್ತಿತ್ತು, ಬಿಟ್ಟರೆ ಹೊಟ್ಟೆ ಕಾಣುತ್ತಿತ್ತು. ಈ ಬಿಸಿಲಿಗೆ ಇದ್ಯಾಕೆ ಎಂದು ಗಿರಿಜೆ ಕೇಳಿದ್ದಕ್ಕೆ, ಆಫೀಸರ ಮೇಲಿನ ಗೌರವಕ್ಕೆ ಎಂದೆ.

ಕಚೇರಿಯ ಅಂಗಳದಲ್ಲಿ ಕುರ್ಚಿಗಳನ್ನು ಜೋಡಿಸುವಾಗ ನಾನು ಅಲ್ಲೇ ಸುಳಿದಾಡುತ್ತ, ಒಂದನ್ನು ಮುಂದೆ ಎಳೆಯುತ್ತ, ಇನ್ನೊಂದರ ಧೂಳು ಒರೆಸುತ್ತ ಸೇವೆ ಮಾಡುತ್ತಿದ್ದೆ. ಆಫೀಸರು ಬಂದರು. ಎಲ್ಲರನ್ನೂ ಒಟ್ಟಾಗಿ ನೋಡಿ, ಕೂತ್ಕೊಳ್ಳಿ, ಕೂತ್ಕೊಳ್ಳಿ ಎಂದರು. ಅದು ಸರ್ಕಾರಿ ಆಜ್ಞೆ, ಮೀರುವುದು ಹೇಗೆ? ನಾನು ಕೈಯಲ್ಲಿ ಹಿಡಿದಿದ್ದ ಕೊನೆಯ ಕುರ್ಚಿಯಲ್ಲೇ ಕೂತುಬಿಟ್ಟೆ. ಅದಕ್ಕೆ ಒಂದು ಕಾಲು ಗಿಡ್ಡ, ಕೆಳಗೆ ಹೆಂಚಿನ ಚೂರು ಕೊಟ್ಟಿದ್ದರು. ಆದರೂ ಕುರ್ಚಿ ಕುರ್ಚಿಯೇ. ಯಾರೂ ಏಳಿ ಎನ್ನಲಿಲ್ಲ. ಆ ಗಳಿಗೆಯಲ್ಲಿ ನನಗಾದ ಸುಖವನ್ನು ಸುಳ್ಳೆಂದು ಹೇಳಲಾರೆ. ಮಾವನವರ ಬೆರಳು ಬಂದು ನೇರವಾಗಿ ನನ್ನ ಎದೆಯ ಮೇಲೆ ನಿಂತಂತಾಯಿತು.

ಫೋಟೋ ತೆಗೆಯುವ ಖಲೀಲಣ್ಣ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ತಿಪ್ಪೇಸ್ವಾಮಿಯ ಪಿಸುಮಾತು ಕೇಳಿತು. “ನಮ್ಮ ಸಾರ್ ನೆತ್ತಿ ನೋಡ್ರಲೇ, ಕಣ ಮಾಡಿದಂಗೆ ಬಯಲಾಗೈತೆ. ಇಷ್ಟು ದಿನ ನಮ್ಮ ಹಿಂದೆ ನಿಂತು ಮುಚ್ಚಿಕಂಡಿದ್ರು.” ಹಿಂದಿನವರೆಲ್ಲ ಕಿಸಕ್ಕನೆ ನಕ್ಕರು. ನನ್ನ ನೆತ್ತಿ ಬೋಳಾಗಿದೆಯೆಂದು ನನಗೆ ಗೊತ್ತಾದದ್ದೇ ಆಗ. ತಿರುಗಿ ಬೈಯೋಣವೆಂದರೆ ಕುರ್ಚಿಯಲ್ಲಿ ಕೂತವನು ಅಲ್ಲಾಡುವಂತಿಲ್ಲ. ಕೈಯಾದರೂ ಎಲ್ಲಿಡಲಿ ಎಂದು ನೋಡಿದಾಗ ಕಣ್ಣಿಗೆ ಬಿದ್ದದ್ದು ಪಕ್ಕದ ಕುರ್ಚಿ. ಬೆತ್ತದ್ದು, ಎರಡೂ ಕಡೆ ಕೈ ಇರುವಂಥದ್ದು. ಅದರಲ್ಲಿ ಕೂತಿದ್ದ ಅಕೌಂಟೆಂಟು ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಅಲ್ಲ, ಇವನಿಗೆ ಬೆತ್ತದ್ದು ಯಾವ ಲೆಕ್ಕದಲ್ಲಿ ಬಂತು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಖಲೀಲಣ್ಣ, ಆತು ಸಾರ್, ಏಳ್ರಿ ಎಂದ.

ವಾರದ ಮೇಲೆ ಫೋಟೋ ಬಂತು. ಕಾಗದ ಬಿಚ್ಚಿ, ಏನೂ ಅನ್ನಿಸದವನಂತೆ ಗಿರಿಜೆಯ ಕೈಗಿಟ್ಟೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಎಲ್ಲಾರೂ ಮುಂದಕ್ಕೆ ನೋಡ್ತಾ ಅವ್ರೆ. ನೀವ್ಯಾಕ್ರಿ ಪಕ್ಕದೋರ ಕುರ್ಚಿ ನೋಡ್ತಾ ಕುಂತೀರಿ?”

ಇಣುಕಿದೆ. ನಿಜ. ಎಲ್ಲರ ಕಣ್ಣೂ ಕ್ಯಾಮರಾದ ಮೇಲೆ. ನನ್ನದು ಮಾತ್ರ ಓರೆಯಾಗಿ ಬೆತ್ತದ ಕುರ್ಚಿಯ ಕೈಯ ಮೇಲೆ. ಆಫೀಸರ ಕಡೆ ಗೌರವದಿಂದ ನೋಡುತ್ತಿದ್ದೆ ಎನ್ನಬಹುದಿತ್ತು, ಆದರೆ ನನ್ನ ಮುಖದಲ್ಲಿ ಗೌರವದ ಸುಳಿವೂ ಇರಲಿಲ್ಲ. ಬೆಂಚಿನ ಮೇಲಿನವರು ಮಾತ್ರ ಹಲ್ಲು ಕಾಣುವಂತೆ ನಗುತ್ತಿದ್ದರು. ತಿಪ್ಪೇಸ್ವಾಮಿ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ.

ಅವತ್ತು ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹಿಂದೆ ನಿಂತವರನ್ನು ಕಂಡು ಹೊಟ್ಟೆಕಿಚ್ಚಾಯಿತು. ಎಷ್ಟು ವರ್ಷ ನಾನೂ ಅವರ ನಡುವೆ ನಿಂತಿದ್ದೆ! ಯಾರೋ ಚಿವುಟುತ್ತಿದ್ದರು, ಯಾರೋ ಏನೋ ಅನ್ನುತ್ತಿದ್ದರು, ನಗು ತಡೆಯಲಾರದೆ ಬೆಂಚೇ ಅಲ್ಲಾಡುತ್ತಿತ್ತು. ಅದನ್ನು ಸುಖವೆಂದು ಯಾರೂ ನನಗೆ ಹೇಳಿರಲಿಲ್ಲ. ನಕಾಶೆಯಲ್ಲಿ ನಮ್ಮ ಹೊಳಲ್ಕೆರೆ ಒಂದು ಚುಕ್ಕೆ. ಆ ಚುಕ್ಕೆಯೊಳಗೆ ಒಂದು ಕಚೇರಿ, ಅದರ ಅಂಗಳದಲ್ಲಿ ಒಂದು ಸಾಲು ಕುರ್ಚಿ. ಇಷ್ಟರಲ್ಲಿ ತುದಿಯಿಂದ ಒಂದು ಕುರ್ಚಿ ಈಚೆಗೋ ಆಚೆಗೋ ಎಂದು ನಾನು ಕೊರಗುತ್ತಿದ್ದೆನಲ್ಲ, ಅದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ನನ್ನ ಕಾಫಿಯ ಮಾತುಗಳೆಲ್ಲ ನೆನಪಾಗಿ, ಕೆಲವು ದಿನ ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಹೋಟೆಲಿನಲ್ಲಿ ಯಾರೂ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.

ಆದ್ದರಿಂದ ಮುಂದಿನ ಆಫೀಸರಿಗೂ ವರ್ಗವಾದಾಗ ನಾನು ಆಗಲೇ ನಿರ್ಧಾರ ಮಾಡಿಯಾಗಿತ್ತು. ಅಷ್ಟು ಹೊತ್ತಿಗೆ ಅಕೌಂಟೆಂಟು ಬೇರೆ ಊರಿಗೆ ಹೋಗಿದ್ದ. ಸೀನಿಯಾರಿಟಿಯ ಪ್ರಕಾರ ಬೆತ್ತದ ಕುರ್ಚಿ ನನ್ನದೇ. ಜವಾನ ಅದನ್ನು ತಂದು ನನ್ನ ಮುಂದೆಯೇ ಇಟ್ಟ. ನಾನು ಎಲ್ಲರಿಗೂ ಕೇಳುವಂತೆ, ನನಗೇತಕ್ಕಪ್ಪ ಕುರ್ಚಿ, ಬೇರೆಯವರು ಯಾರಾದರೂ ಕೂತುಕೊಳ್ಳಲಿ, ನಾನು ಹಿಂದೆ ನಿಲ್ಲುತ್ತೇನೆ ಎಂದೆ. ಮನಸ್ಸಿನಿಂದಲೇ ಹೇಳಿದ ಮಾತು, ಅದರಲ್ಲಿ ಅನುಮಾನ ಬೇಡ. ಆದರೆ ಹೇಳಿದ ತಕ್ಷಣ ಬೆಂಚಿನ ಕಡೆಗೆ ಹೆಜ್ಜೆ ಹಾಕಲಿಲ್ಲ. ಛೇ, ಎಲ್ಲಾದರೂ ಉಂಟೇ, ನೀವು ನಿಲ್ಲುವುದೇ ಎಂದು ಕೈ ಹಿಡಿದು ಎಳೆಯಲು ಯಾರಿಗಾದರೂ, ಬೇಡ ಬೇಡ ಎನ್ನಲು ನನಗೂ ಸ್ವಲ್ಪ ಪುರುಸೊತ್ತು ಬೇಕಲ್ಲ.

ಆಗ ತಾನೇ ಫಸ್ಟ್ ಡಿವಿಜನ್ ಆಗಿದ್ದ ತಿಪ್ಪೇಸ್ವಾಮಿ ನನ್ನ ಮುಖವನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿದ. “ಆಗ್ಲಿ ಬಿಡ್ರಿ ಸಾರ್, ನಿಮ್ಮಿಷ್ಟ” ಎಂದು ಬೆತ್ತದ ಕುರ್ಚಿಯಲ್ಲಿ ಆರಾಮಾಗಿ ಕೂತ.

ನಾನು ಬೆಂಚು ಹತ್ತಿದೆ. ಪಕ್ಕದ ಹುಡುಗರು ಜಾಗ ಮಾಡಿಕೊಟ್ಟರು. ಯಾರೋ ಏನೋ ಅಂದರು, ಬೆಂಚು ಅಲ್ಲಾಡತೊಡಗಿತು. ನಗಬೇಕೆಂದೇ ಅಲ್ಲಿಗೆ ಬಂದವನು ನಾನು. ಆದರೂ ಒಬ್ಬರಾದರೂ, ಬಾಯಿಮಾತಿಗಾದರೂ, ಕೂತ್ಕೊಳ್ರಿ ಅನ್ನಬಹುದಿತ್ತಲ್ಲ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದೆ. ಅಷ್ಟರಲ್ಲಿ ಖಲೀಲಣ್ಣ, ಆತು ಸಾರ್, ಏಳ್ರಿ ಎಂದ.