ಬಾರದ ಕಾಯಿಲೆಯ ಪುರಾವೆ

ಸಕ್ಕರೆ ಕಾಯಿಲೆ, ಬೊಜ್ಜು ಮತ್ತು ಹೃದ್ರೋಗಗಳ ನಿವಾರಣಾ ಸಂಶೋಧನಾ ಸಂಸ್ಥೆಯಲ್ಲಿ ಕಳೆದ ವರ್ಷ ಒಂದು ಗಂಭೀರ ಲೋಪ ಸಂಭವಿಸಿತು: ಸಂಶೋಧನೆ ಯಶಸ್ವಿಯಾಯಿತು.

ಇದಕ್ಕೆ ಕಾರಣಳಾದ ಹಿರಿಯ ಸಂಶೋಧಕಿಯನ್ನು ನಿರ್ದೇಶಕರು ಕೂಡಲೇ ಕರೆಸಿದರು. ವರ್ಷಗಟ್ಟಲೆ ಆಕೆ ಜನರನ್ನು ನಡೆಸಿ, ಅವರ ಊಟ ತಿದ್ದಿ, ತೂಕ ನೋಡಿದ್ದಳು. ಒಬ್ಬರಿಗೂ ಕಾಯಿಲೆ ಬಂದಿರಲಿಲ್ಲ. ಬಡ್ತಿಯೇ ಇರಬೇಕೆಂದು ಹೊಸ ಚಪ್ಪಲಿ ಮೆಟ್ಟಿ ಹೋದಳು.

"ತಡೆದೆ ಅಂತೀರಲ್ಲ, ಏನನ್ನ ತಡೆದ್ರಿ?" ನಿರ್ದೇಶಕರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು.

"ಕಾಯಿಲೇನ, ಸಾರ್."

"ಎಲ್ಲಿದೆ?"

"ಬಂದೇ ಇಲ್ಲ, ಸಾರ್."

"ಅದೇ ನೋಡಿ ತೊಂದರೆ. ಬರದೇ ಇರೋದನ್ನ ಪರಿಶೀಲನಾ ಸಮಿತಿಗೆ ಹೇಗೆ ತೋರಿಸ್ಲಿ?"

ಸಂಜೆಯೊಳಗೆ ಸುತ್ತೋಲೆ ಹೊರಟಿತು: "ನಿವಾರಿಸಲಾದ ಕಾಯಿಲೆಗಳ ಮಾದರಿಯನ್ನು ಜೀವಂತ ಸ್ಥಿತಿಯಲ್ಲಿ ಸಮಿತಿಯ ಮುಂದೆ ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ವಿಭಾಗವನ್ನು ಮುಚ್ಚಲಾಗುವುದು."

ವಿಭಾಗ ಮುಚ್ಚಿದರೆ ಅವಳ ಕೈಕೆಳಗಿನವರೆಲ್ಲ ಬೀದಿಪಾಲು. ಮನೆಯಲ್ಲಿ ಸುತ್ತೋಲೆ ಹಿಡಿದು ಕೂತವಳಿಂದ ಸೋದರಮಾವ ವಿಷಯ ತಿಳಿದುಕೊಂಡ. ನಿವೃತ್ತ ಬಸ್ ಚಾಲಕ. ಅವಳ ಪ್ರಯೋಗಕ್ಕೆ ಸೇರಿ, ಸಿಹಿ ಬಿಟ್ಟು, ಮೆಟ್ಟಿಲನ್ನು ಎರಡೆರಡಾಗಿ ಹತ್ತುವಷ್ಟು ಹಗುರಾಗಿದ್ದ.

"ಇಷ್ಟೇನಾ? ಕಾಯಿಲೆ ಬರಿಸ್ಕೊಳ್ಳೋದು ನನಗೆ ಬಿಡು."

"ಬೇಡ ಮಾವ, ಆಟ ಅಲ್ಲ ಇದು."

"ನಿನ್ನ ಕೆಲಸ ಉಳೀಲಿ, ಮಗಳೇ. ಬಾಯಿ ಕಟ್ಟಿ ನನಗೂ ಸಾಕಾಗಿದೆ."

ಅವಳು ಮತ್ತೆ ಬೇಡವೆನ್ನುವಷ್ಟರಲ್ಲಿ ಅವನೇ ನಿರ್ದೇಶಕರ ಬಳಿ ಹೋಗಿ ಒಪ್ಪಿಗೆ ಕೊಟ್ಟುಬಿಟ್ಟಿದ್ದ. ಮಾವನಿಗೆ ಒಂದು ಕೋಣೆ, ಮೆತ್ತನೆಯ ಕುರ್ಚಿ, ಟಿವಿ ಹಾಗೂ ಹೊತ್ತುಹೊತ್ತಿಗೆ ಕೇಕು ಮಂಜೂರಾದವು. ಸಂಸ್ಥೆಯೊಳಗೆ ಸಕ್ಕರೆ ನಿಷಿದ್ಧವಾದ್ದರಿಂದ ಕೇಕನ್ನು 'ಪ್ರಯೋಗಾಲಯ ಸಾಮಗ್ರಿ' ಎಂದು ತರಿಸಲಾಯಿತು. ಎದ್ದು ಓಡಾಡದಂತೆ ಬಾಗಿಲಿಗೆ ಕಾವಲುಗಾರನನ್ನೂ ಹಾಕಲಾಯಿತು.

ಮೊದಮೊದಲು ಮಾವ ಕುಣಿದಾಡಿದ. ಆಮೇಲೆ ಬೆಲ್ಟು ಸಾಲದಾಯಿತು. ಮಾತಿನ ನಡುವೆ ಏದುಸಿರು ಬಂತು. ಒಂದು ಮಧ್ಯಾಹ್ನ ಕಾವಲುಗಾರ ಊಟಕ್ಕೆ ಹೋದಾಗ ಅವಳು ಮಾವನ ಕೈಹಿಡಿದು ಪಡಸಾಲೆಯುದ್ದಕ್ಕೂ ನಡೆಸಿದಳು. ಸಂಶೋಧನಾ ಮಾದರಿಯನ್ನು ಅನಧಿಕೃತವಾಗಿ ನಡೆಸಿದ್ದಕ್ಕೆ ಕಾರಣ ಕೇಳಿ ನೋಟಿಸ್ ಬಂತು. ಇನ್ನು ಮುಂದೆ ಹಾಗಾಗದೆಂದು ಅವಳು ಉತ್ತರ ಬರೆದುಕೊಟ್ಟಳು.

ಸಮಿತಿ ಬಂದ ದಿನ ರಕ್ತಪರೀಕ್ಷೆ ನಿರೀಕ್ಷೆಯನ್ನೂ ಮೀರಿಸಿತು. ಬೊಜ್ಜು ಬರಿಗಣ್ಣಿಗೇ ಕಾಣುತ್ತಿತ್ತು. ಇಂಥದ್ದನ್ನೆಲ್ಲ ತಡೆದಿರಾ ಎಂದು ಸದಸ್ಯರು ಅವಳ ಕೈಕುಲುಕಿ, ಸ್ಥಳದಲ್ಲೇ ವಿಭಾಗ ಮುಖ್ಯಸ್ಥೆಯನ್ನಾಗಿ ಮಾಡಿದರು.

"ನಾನು ಪಾಸಾದ್ನಾ?" ಮಾವ ಅವಳ ಕಿವಿಯಲ್ಲಿ ಕೇಳಿದ. "ಹಾಗಾದ್ರೆ ಮನೆಗೆ ಹೋಗೋಣ."

ಅಷ್ಟರಲ್ಲಿ ಸಮಿತಿಯ ಅಧ್ಯಕ್ಷರು ಎದ್ದು ನಿಂತು, ಹೃದ್ರೋಗದ ಮಾದರಿ ಇನ್ನೂ ಬಾಕಿ ಇರುವುದರಿಂದ ಸದರಿ ವ್ಯಕ್ತಿಯ ಅವಧಿಯನ್ನು ವಿಸ್ತರಿಸಲಾಗಿದೆ ಎಂದು ಪ್ರಕಟಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು, ಮುಖ್ಯಸ್ಥೆಯೇ ತಟ್ಟದಿದ್ದರೆ ಚೆನ್ನಾಗಿರುವುದಿಲ್ಲ.