ಹನ್ನೊಂದು ಮೆಟ್ಟಿಲಿನ ಏಣಿ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮಾವ ಬಂದು ಕುರ್ಚಿ ಕೇಳದೆ ಇದ್ದಿದ್ದರೆ ಮೈಕಣ್ಣನಿಗೆ ಆ ದಿನ ಇಷ್ಟೊಂದು ಫಜೀತಿಯಾಗುತ್ತಿರಲಿಲ್ಲ.

“ಅಳಿಯಂದ್ರೇ, ನಿಮ್ಮನೇಲಿ ಕುರ್ಚಿ ಎಷ್ಟಿವೆ?”

“ನಾಲ್ಕಿವೆ. ಯಾಕೆ ಮಾವ?”

“ಹದಿನಾಲ್ಕು ಜನ ಬರ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ನೀವು ಟೀವೀಲಿ ಬರ್ತೀರಂತಲ್ಲ. ಇಡೀ ಕಟ್ಟಡಕ್ಕೆ ಹೇಳಿಬಿಟ್ಟಿದ್ದೀನಿ.”

ಮೈಕಣ್ಣನ ಎದೆ ಧಸಕ್ಕೆಂದಿತು. ಮಾವ ನಾಲ್ಕೂ ಕುರ್ಚಿಗಳನ್ನು ಎರಡು ಸಲ ಎಣಿಸಿ, ಒಂದರ ಮೇಲೊಂದು ಪೇರಿಸಿಕೊಂಡು, ಮೇಲಿನ ಮಹಡಿಯ ತಮ್ಮ ಮನೆಗೆ ಹೊರಟುಹೋದರು.

ಎದೆ ಧಸಕ್ಕೆನ್ನಲು ಕಾರಣವಿತ್ತು. ಮೈಕಣ್ಣ ಆ ಊರಿನ ನಗೆಗಾರರಲ್ಲಿ ಹೊಸ ದಾರಿ ತುಳಿದವನು. ಅವನಿಗಿಂತ ಮುಂಚೆ ನಗಿಸುವವರೆಂದರೆ ಅಂಟಿಸಿದ ಮೀಸೆ, ದೊಗಳೆ ಚಡ್ಡಿ, ವೇದಿಕೆಯ ಮೇಲೆ ಮೂರು ಸಲ ಬೀಳುವುದು. ಇವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಮೈಕು ಹಿಡಿದು, ಛಾಪಖಾನೆಯ ನೆಲಮಾಳಿಗೆಯಲ್ಲಿ ಪ್ರತಿ ತಿಂಗಳ ಮೂರನೇ ಶನಿವಾರ ಸುಮ್ಮನೆ ನಿಂತು ಮಾತಾಡಿದ. ಜನ ಬಿದ್ದು ಬಿದ್ದು ನಕ್ಕರು. ಆರು ವರ್ಷದಲ್ಲಿ ಅವನನ್ನು ನೋಡಿ ಹತ್ತಾರು ಹುಡುಗರು ಮೈಕು ಹಿಡಿದರು. ಈಗ ಟೀವಿಯವರೇ ಕರೆದಿದ್ದರು.

ಆದರೆ ಆ ಆರು ವರ್ಷವೂ ಅವನು ಹೇಳಿದ್ದು ಒಂದೇ ವಿಷಯ. ಅದು ಮಾವ.

ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಮನೆಗೆ ತಂದ ಹಗ್ಗವನ್ನೂ ಅಳೆಯುವವರು. ಬಾಗಿಲಿಗೆ ಬೀಗ ಹಾಕಿ ಏಳು ಸಲ ಜಗ್ಗಿ, ಎಂಟನೆಯ ಸಲ ಬೀಗವೇ ಕೈಗೆ ಬಂದಾಗ ‘ನೋಡಿದ್ರಾ, ನನಗೆ ಅನುಮಾನ ಇತ್ತು’ ಎಂದವರು. ಮದುವೆಯಾಗಿ ಎಂಟು ವರ್ಷವಾದರೂ ಅವರು ನಕ್ಕಿದ್ದನ್ನು ಮೈಕಣ್ಣ ಕಂಡಿರಲಿಲ್ಲ. ಅಳಿಯ ಮೈಕಿನ ಕೆಲಸ ಮಾಡುತ್ತಾನೆ ಎಂದಷ್ಟೇ ಮಗಳು ಅಪ್ಪನಿಗೆ ಹೇಳಿದ್ದಳು. ಅದು ಸುಳ್ಳೂ ಅಲ್ಲ.

“ನೀನೇ ಹೇಳಿದ್ಯಾ?” ಎಂದು ಮೈಕಣ್ಣ ಹೆಂಡತಿಯನ್ನು ಕೇಳಿದ.

“ನಾನ್ಯಾಕೆ ಹೇಳ್ಲಿ? ಪೇಪರಲ್ಲಿ ನಿಮ್ಮ ಫೋಟೋ ಬಂದಿದೆ. ನೋಡ್ರೀ, ಅಪ್ಪನ ವಿಷಯ ಎತ್ತಿದ್ರೆ ನಾನು ಆ ಮೆಟ್ಟಿಲು ಹತ್ತೋ ಹಾಗಿಲ್ಲ. ಹದಿನಾಲ್ಕು ಜನರ ಮುಂದೆ ಅವರ ಮಾನ ಹೋಗುತ್ತೆ.”

“ಅದನ್ನ ಬಿಟ್ರೆ ಹೇಳೋಕೆ ನನ್ನ ಹತ್ರ ಇನ್ನೇನಿದೆ?”

“ಅದು ನಿಮಗೆ ಗೊತ್ತಿರ್ಬೇಕು,” ಎಂದು ಆಕೆ ಒಳಗೆ ಹೋದಳು. ಕೂರಲು ಕುರ್ಚಿಯಿಲ್ಲದೆ ಮೈಕಣ್ಣ ನಿಂತೇ ಯೋಚಿಸಿದ.

ಹತ್ತು ಗಂಟೆಗೆ ಅವನು ಟೀವಿ ಕಚೇರಿ ತಲುಪಿದ. ಕಾರ್ಯಕ್ರಮದ ಯಜಮಾನಿ ಎರಡು ಫೋನುಗಳಲ್ಲಿ ಒಟ್ಟಿಗೆ ಮಾತಾಡುತ್ತಿದ್ದಳು. ಎರಡನ್ನೂ ಕೆಳಗಿಟ್ಟು, “ನಿಮ್ಮ ಮಾವ ಅಂದ್ರೆ ನನಗೆ ಪ್ರಾಣ. ಇವತ್ತು ಚೆನ್ನಾಗಿ ಹೋದ್ರೆ ಹದಿಮೂರು ವಾರ ನಿಮ್ಮದೇ,” ಎಂದಳು.

“ಮೇಡಂ, ಇವತ್ತು ಮಾವ ಬೇಡ. ಬೇರೆ ಯಾರನ್ನಾದ್ರೂ ಹಾಕೋಣ.”

“ಯಾರನ್ನ ಬೇಕಾದ್ರೂ ಹಾಕಿ. ಯಾರಿಗೂ ನೋವಾಗ್ಬಾರ್ದು ಅಷ್ಟೇ. ಕತ್ತರಿ ಸಾಹೇಬ್ರನ್ನ ಕೇಳಿ.”

ಕತ್ತರಿ ಸಾಹೇಬರೆಂದರೆ ಟೀವಿಯಲ್ಲಿ ಹೋಗುವ ಪ್ರತಿ ಮಾತನ್ನೂ ಮೊದಲು ಓದಿ, ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕುವ ಮನುಷ್ಯ. ಮೇಜಿನ ಮೇಲೆ ಪೆನ್ಸಿಲ್ ಕೆತ್ತಿದ ಸಿಪ್ಪೆ ರಾಶಿ ಬಿದ್ದಿತ್ತು.

“ಮಾವ ಅನ್ನೋ ಕಡೆಯೆಲ್ಲ ಪಕ್ಕದ ಮನೆಯವರು ಅಂತ ಮಾಡ್ಲಾ ಸಾರ್?” ಎಂದ ಮೈಕಣ್ಣ.

“ಬೇಡ. ಮನೆ ಕಟ್ಟೋ ಕಂಪನಿಯವರು ಜಾಹೀರಾತು ಕೊಟ್ಟಿದ್ದಾರೆ. ಪಕ್ಕದ ಮನೆಯವರೆಲ್ಲ ಒಳ್ಳೆಯವರಾಗೇ ಇರ್ಬೇಕು.”

“ಹಲ್ಲಿನ ಡಾಕ್ಟ್ರು?”

“ಟೂತ್‌ಪೇಸ್ಟಿನವರೂ ಕೊಟ್ಟಿದ್ದಾರೆ.”

“ಬಸ್ ಡ್ರೈವರು?”

“ಅವರಿಗೆ ಸಂಘ ಇದೆ. ಬಂದು ಗೇಟಿನ ಮುಂದೆ ಬಸ್ ನಿಲ್ಲಿಸ್ತಾರೆ.”

“ಹೋಗ್ಲಿ ಸಾರ್, ನನ್ನನ್ನೇ ನಾನು ಬೈಕೊಳ್ತೀನಿ.”

ಕತ್ತರಿ ಸಾಹೇಬರು ಕನ್ನಡಕ ತೆಗೆದರು. “ನೀವು ಈಗ ನಮ್ಮ ಕಲಾವಿದರು. ನಿಮ್ಮನ್ನ ಬೈದ್ರೆ ಚಾನೆಲ್‌ನ ಬೈದಂಗೆ.”

ಮೈಕಣ್ಣನ ತಲೆ ಗಿರ್ರೆಂದಿತು. ಅವನ ಹಾಳೆಯಲ್ಲಿ ಮಾವನನ್ನು ಹೊಡೆದು ಪಕ್ಕದ ಮನೆಯವರು, ಅವರನ್ನು ಹೊಡೆದು ಡಾಕ್ಟರು, ಡಾಕ್ಟರ ಮೇಲೆ ಡ್ರೈವರು. ಹಲ್ಲಿನ ಡಾಕ್ಟರು ಬಸ್ ನಿಲ್ಲಿಸಿ ಪಕ್ಕದ ಮನೆಯ ಬೀಗ ಜಗ್ಗುತ್ತಿದ್ದರು. ಆಗ ಅವನಿಗೆ ಫಕ್ಕನೆ ನೆನಪಾದವರು ಚಿಕ್ಕಮಾವ.

ಚಿಕ್ಕಮಾವ ಎಂದರೆ ಮಾವನ ಒಡಹುಟ್ಟಿದ ತಮ್ಮ. ಊರಿನ ಆ ತುದಿಯಲ್ಲಿ ವಾಸ. ಅಣ್ಣತಮ್ಮಂದಿರಿಗೆ ಹನ್ನೊಂದು ವರ್ಷದಿಂದ ಮಾತಿಲ್ಲ. ಮೈಕಣ್ಣನ ಮದುವೆಗೂ ಚಿಕ್ಕಮಾವ ಬಂದಿರಲಿಲ್ಲ. ಜಗಳ ಯಾತಕ್ಕೆಂದು ಮೈಕಣ್ಣ ಕೇಳಿರಲಿಲ್ಲ. ಹೆಂಡತಿಯ ಮನೆಯ ಜಗಳದ ಮೂಲ ಹುಡುಕಬಾರದೆಂಬ ತಿಳಿವಳಿಕೆ ಅವನಿಗಿತ್ತು. ತಮ್ಮನನ್ನು ಗೇಲಿ ಮಾಡಿದರೆ ಮಾವನಿಗೆ ಹಾಲು ಕುಡಿದಷ್ಟು ಸಂತೋಷವಾಗುತ್ತದೆ. ಒಂದೇ ಕಲ್ಲಿಗೆ ಎರಡು ಹಕ್ಕಿ.

“ಅವರು ಟೀವಿ ನೋಡ್ತಾರಾ?” ಎಂದರು ಕತ್ತರಿ ಸಾಹೇಬರು.

“ಮನೇಲಿ ಟೀವೀನೇ ಇಲ್ಲ ಸಾರ್.”

“ಚಿಕ್ಕಮಾವಂದಿರ ಸಂಘ ಏನಾದ್ರೂ?”

“ನನಗೆ ಗೊತ್ತಿದ್ದಂಗೆ ಇಲ್ಲ.”

ಕೆಂಪು ಪೆನ್ಸಿಲು ಆ ದಿನ ಮೊದಲ ಬಾರಿಗೆ ಸರಿ ಎಂಬ ಗುರುತು ಹಾಕಿತು.

ಒಂದು ಗಂಟೆಗೆ ಐದು ನಿಮಿಷವಿದ್ದಾಗ ಮೈಕಣ್ಣನನ್ನು ಬೆಳಕಿನ ಕೆಳಗೆ ನಿಲ್ಲಿಸಿದರು. ಎದುರಿಗೆ ಮೂರು ಕ್ಯಾಮೆರಾ ಬಿಟ್ಟರೆ ನರಪಿಳ್ಳೆಯಿಲ್ಲ.

“ಜನ ಎಲ್ಲಿ?” ಎಂದ ಮೈಕಣ್ಣ.

“ಜನ ಯಾಕೆ? ಕೆಮ್ಮುತ್ತಾರೆ, ಎದ್ದು ಹೋಗ್ತಾರೆ,” ಎಂದಳು ಯಜಮಾನಿ. “ನಗು ನಮ್ಮ ಹತ್ರಾನೇ ಇದೆ.” ಮೂಲೆಯಲ್ಲಿ ಒಬ್ಬ ಮೂರು ಗುಂಡಿಗಳ ಮುಂದೆ ಕೂತಿದ್ದ. ಒಂದನ್ನು ಒತ್ತಿದರೆ ಸಣ್ಣ ನಗು, ಇನ್ನೊಂದಕ್ಕೆ ದೊಡ್ಡ ನಗು, ಮೂರನೆಯದಕ್ಕೆ ಚಪ್ಪಾಳೆ ಸಮೇತ ಹೊಟ್ಟೆ ಹುಣ್ಣಾಗುವ ನಗು. ಅವನು ಮಾತ್ರ ನಗುತ್ತಿರಲಿಲ್ಲ.

ಮೈಕಣ್ಣನಿಗೆ ನೆಲಮಾಳಿಗೆ ನೆನಪಾಯಿತು. ಅಲ್ಲಿ ಕಣ್ಣಿಗೆ ದೀಪ ಹೊಡೆದು ಯಾರ ಮುಖವೂ ಕಾಣುತ್ತಿರಲಿಲ್ಲ, ಆದರೆ ಕಿವಿಗೆ ಎಲ್ಲರೂ ಗೊತ್ತು. ಅದರಲ್ಲೂ ಕೊನೆಯ ಸಾಲಿನ ಮೂಲೆಯಲ್ಲಿ ಒಂದು ನಗು ಇತ್ತು. ಎಲ್ಲರೂ ನಕ್ಕು ಸುಮ್ಮನಾದ ಮೇಲೆ, ಅರ್ಧ ಗಳಿಗೆ ತಡವಾಗಿ, ಸೈಕಲ್ಲಿಗೆ ಗಾಳಿ ಹೊಡೆದಂತೆ ‘ಹಿಸ್ಸ್, ಹಿಸ್ಸ್, ಹಿಸ್ಸ್’ ಎಂದು ಬರುತ್ತಿತ್ತು. ಯಾರೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಆ ಪಂಪು ಕೇಳಿದ ಮೇಲೆಯೇ ಅವನಿಗೆ ಮಾತು ಗೆದ್ದಿತೆಂದು ಧೈರ್ಯ ಬರುತ್ತಿದ್ದುದು.

ಕೆಂಪು ದೀಪ ಹತ್ತಿತು.

“ನಮಸ್ಕಾರ. ನಮ್ಮ ಮಾ...” ಎಂದವನು ನಾಲಿಗೆ ಕಚ್ಚಿಕೊಂಡು, “ನಮ್ಮ ಚಿಕ್ಕಮಾವ ಇದ್ದಾರೆ,” ಎಂದ. ಅಷ್ಟಕ್ಕೇ ಮೂಲೆಯವನು ದೊಡ್ಡ ನಗು ಒತ್ತಿದ. ಬೀಗದ ಕತೆ ಅರ್ಧಕ್ಕೆ ಬಂದಾಗ ಚಪ್ಪಾಳೆ ಬಂತು. ಕತೆ ಮುಗಿದಾಗ ಏನೂ ಬರಲಿಲ್ಲ. ನಗು ನಿಲ್ಲಲೆಂದು ಕಾಯಬೇಕೋ, ನಗು ಬರಲೆಂದು ಕಾಯಬೇಕೋ ತಿಳಿಯದೆ ಮೈಕಣ್ಣ ಓಡಿದಂತೆ ಮಾತಾಡಿದ. ಏಳು ನಿಮಿಷದ ಸರಕು ನಾಲ್ಕೇ ನಿಮಿಷಕ್ಕೆ ಖಾಲಿಯಾಯಿತು. ಯಜಮಾನಿ ಎರಡೂ ಕೈಯಿಂದ ಹಿಟ್ಟು ಎಳೆದಂತೆ ಮಾಡಿ, ಇನ್ನೂ ಎಳೆಯಿರಿ ಎಂದು ಸನ್ನೆ ಮಾಡಿದಳು.

ತಬ್ಬಿಬ್ಬಾದ ಮೈಕಣ್ಣನ ಬಾಯಿಗೆ ಬಂದದ್ದು ಏಣಿ. ಅದು ಹಾಳೆಯಲ್ಲಿ ಇರಲಿಲ್ಲ, ಆದರೆ ನೆಲಮಾಳಿಗೆಯಲ್ಲಿ ಎಂದೂ ಸೋಲದ ಕತೆ.

“ಚಿಕ್ಕಮಾವನ ಹತ್ರ ಅವರಪ್ಪನ ಕಾಲದ ಒಂದು ಏಣಿ ಇದೆ. ಸರಪಳಿ ಕಟ್ಟಿ ಎರಡು ಬೀಗ ಹಾಕಿದ್ದಾರೆ. ಒಂದು ಸಲ ಬಲ್ಬು ಹಾಕೋಕೆ ಕೇಳಿ ತಂದೆ. ವಾಪಸ್ ಕೊಟ್ಟಾಗ ಕೆಳಗಿಂದ ಮೆಟ್ಟಿಲು ಎಣಿಸಿದ್ರು. ಹನ್ನೊಂದು. ನಂಬಿಕೆ ಬರ್ಲಿಲ್ಲ. ಮೇಲಿಂದ ಎಣಿಸಿದ್ರು. ಆಗ್ಲೂ ಹನ್ನೊಂದು. ಆಮೇಲೆ ನನ್ನ ಮುಖ ನೋಡಿ ಕೇಳಿದ್ರು, ‘ಹಾಗಾದ್ರೆ ನೀವು ತಗೊಂಡಿದ್ದೇನು?’”

ಮೂರನೆಯ ಗುಂಡಿ ಒತ್ತಿದ್ದು ಆಗ, ಸರಿಯಾದ ಹೊತ್ತಿಗೆ. ದೀಪ ಆರಿತು. ಯಜಮಾನಿ ಓಡಿ ಬಂದು ಕೈ ಕುಲುಕಿದಳು. “ಹದಿಮೂರು ವಾರವೂ ಚಿಕ್ಕಮಾವನೇ ಬೇಕು. ಇಲ್ಲಿ ಸಹಿ ಹಾಕಿ.” ಮೈಕಣ್ಣ ಹಾಕಿದ. ಮಾವನ ಮಾನ ಉಳಿಯಿತು, ಮನೆಯ ಮೆಟ್ಟಿಲು ಉಳಿಯಿತು, ಕೆಲಸವೂ ಸಿಕ್ಕಿತು. ಮನೆಗೆ ಹೋಗುವಾಗ ಅವನು ಬಸ್ಸಿನಲ್ಲಿ ಸಿಳ್ಳೆ ಹೊಡೆದ.

ಕಟ್ಟಡದ ಬಾಗಿಲಲ್ಲೇ ಎದುರುಮನೆಯ ನಿವೃತ್ತ ಹೆಡ್‌ಮೇಷ್ಟ್ರು ಸಿಕ್ಕರು. “ಹೀಗೆ ಮಾಡ್ಬಾರ್ದಿತ್ತಪ್ಪ,” ಎಂದು ತಲೆಯಾಡಿಸಿದರು. ಮೈಕಣ್ಣ ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಹೋದ. ಮಾವನ ಮನೆಯಲ್ಲಿ ಹದಿನಾಲ್ಕು ಕುರ್ಚಿಗಳು ಖಾಲಿ ಇದ್ದವು. ಮಾವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹೆಂಡತಿ ಗೋಡೆಗೊರಗಿ ನಿಂತಿದ್ದಳು.

“ಮಾವ, ನೋಡಿದ್ರಾ? ಚಿಕ್ಕಮಾವನ ನೀರಿಳಿಸಿಬಿಟ್ಟೆ.”

ಮಾವ ತಿರುಗಲಿಲ್ಲ. “ಬೀಗ ಜಗ್ಗಿದ್ದು ಯಾರು ಅಳಿಯಂದ್ರೇ?”

“ಅದು... ನೀವೇ.”

“ಹಗ್ಗ ಅಳೆದಿದ್ದು?”

“ನೀವೇ.”

“ಮೂವತ್ತು ವರ್ಷ ಕಷ್ಟಪಟ್ಟು ರೂಢಿ ಮಾಡ್ಕೊಂಡಿದ್ದು ನಾನು. ಹೆಸರು ಮಾತ್ರ ಅವನಿಗೆ. ಇವತ್ತು ನನ್ನ ಬಗ್ಗೆ ಟೀವೀಲಿ ಬರುತ್ತೆ, ಬನ್ನಿ ಅಂತ ಹದಿನಾಲ್ಕು ಜನರನ್ನ ಕರೆದಿದ್ದೆ.”

“ನಿಮ್ಮ ಬಗ್ಗೆ ಹೇಳ್ತೀನಿ ಅಂತ ನಿಮಗೆ ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ಆರು ವರ್ಷದಿಂದ ಬರ್ತಿದ್ದೀನಿ. ಮೂರನೇ ಶನಿವಾರ, ಕೊನೇ ಸಾಲು.”

“ಮತ್ತೆ ಒಂದು ದಿನಾನೂ ಹೇಳ್ಲಿಲ್ಲ?”

“ಗೊತ್ತಾದ್ರೆ ನೀವು ಹೆದರಿ ನನ್ನ ವಿಷಯ ಬಿಟ್ಟುಬಿಡ್ತಿದ್ರಿ,” ಎಂದರು ಮಾವ. “ನನ್ನನ್ನ ಯಾರೂ ಅಷ್ಟು ಗಮನ ಇಟ್ಟು ನೋಡಿರ್ಲಿಲ್ಲ, ಅದಕ್ಕೆ.”

ಮೈಕಣ್ಣ ನಂಬಲಿಲ್ಲ. ಎಂಟು ವರ್ಷ ನಗದ ಮನುಷ್ಯ ಆರು ವರ್ಷ ನಗಲು ಹೋಗುತ್ತಿದ್ದರೆಂದರೆ ಯಾರು ನಂಬುತ್ತಾರೆ? ಕೋಪಕ್ಕೆ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡ.

“ಅದೆಲ್ಲ ಹೋಗ್ಲಿ,” ಎಂದಳು ಹೆಂಡತಿ, ತಗ್ಗಿದ ದನಿಯಲ್ಲಿ. “ಏಣಿ ವಿಷಯ ಯಾಕ್ರೀ ತೆಗೆದ್ರಿ? ಅವರಿಬ್ಬರ ಜಗಳ ಶುರುವಾಗಿದ್ದೇ ಆ ಏಣಿಯಿಂದ. ಅಪ್ಪನ ಹತ್ರ ಇರೋ ತಾತನ ಏಣಿ ಯಾರಿಗೆ ಸೇರ್ಬೇಕು ಅಂತ ಶುರುವಾಗಿ ಹನ್ನೊಂದು ವರ್ಷ ಆಯ್ತು.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಾಗಿಲಲ್ಲಿ ಚಿಕ್ಕಮಾವ ಬಂದು ನಿಂತಿದ್ದರು. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ತುಂಬ ಒಣಗಿದ ಸೋಪಿನ ನೊರೆ, ಕೊರಳಲ್ಲಿ ಕ್ಷೌರದಂಗಡಿಯ ಬಿಳಿ ಬಟ್ಟೆ. ಮನೆಯಲ್ಲಿ ಟೀವಿ ಇಲ್ಲದವರು ಭಾನುವಾರ ಎಲ್ಲಿ ನೋಡುತ್ತಾರೆಂದು ಮೈಕಣ್ಣನೂ ಕತ್ತರಿ ಸಾಹೇಬರೂ ಯೋಚಿಸಿರಲಿಲ್ಲ.

“ಅಳಿಯಂದ್ರೇ, ಬಾಯಿಗೆ ಸಕ್ಕರೆ ಹಾಕ್ಬೇಕು ನಿಮ್ಮ,” ಎಂದರು ಚಿಕ್ಕಮಾವ. “ಅಂಗಡಿ ತುಂಬ ಜನ ಕೇಳಿಸ್ಕೊಂಡ್ರು. ‘ಚಿಕ್ಕಮಾವನ ಏಣಿ’ ಅಂತ ಟೀವೀಲೇ ಬಂದ್ಮೇಲೆ ಇನ್ನೇನಿದೆ? ಗಾಡಿ ತಂದಿದ್ದೀನಿ.”

ಬೆನ್ನ ಹಿಂದೆಯೇ ಹತ್ತಿ ಬಂದಿದ್ದ ಹೆಡ್‌ಮೇಷ್ಟ್ರು, “ನಿಜ. ಹದಿನಾಲ್ಕು ಜನ ಸಾಕ್ಷಿ ಇದ್ದೀವಿ,” ಎಂದರು, ಯಾರೂ ಕೇಳದೆ ಇದ್ದರೂ.

ಮಾವ ನಿಧಾನವಾಗಿ ಎದ್ದರು. “ಟೀವೀಲಿ ಬಂದ್ಮೇಲೆ ಮುಗೀತು. ತಗೊಂಡು ಹೋಗ್ಲಿ. ಹತ್ತು ನಿಮಿಷ ಹೊರಗೆ ನಿಂತಿರಿ, ಬೀಗ ತೆಗೀತೀನಿ.” ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಸರಪಳಿಯ ಸದ್ದು, ಆಮೇಲೆ ಸುತ್ತಿಗೆಯ ಸದ್ದು ಕೇಳಿಸಿತು. ಬೀಗ ಜಂಗು ಹಿಡಿದಿರಬೇಕು ಎಂದುಕೊಂಡ ಮೈಕಣ್ಣ.

ಏಣಿಯ ಒಂದು ತುದಿ ಚಿಕ್ಕಮಾವ, ಇನ್ನೊಂದು ತುದಿ ಮೈಕಣ್ಣ ಹಿಡಿದು ಬೀದಿಗೆ ಇಳಿಸಿದರು. ಗಾಡಿಗೆ ಹಾಕುವ ಮುಂಚೆ ಚಿಕ್ಕಮಾವ ಅದನ್ನು ಗೋಡೆಗೆ ಒರಗಿಸಿ, ಬೆರಳಿಟ್ಟು ಕೆಳಗಿನಿಂದ ಎಣಿಸಿದರು. ಮುಖ ಸಣ್ಣದಾಯಿತು. ಮೇಲಿನಿಂದ ಎಣಿಸಿದರು. ಸೋಪು ಹತ್ತಿದ ಕೆನ್ನೆಯೂ ಹತ್ತದ ಕೆನ್ನೆಯೂ ಒಟ್ಟಿಗೆ ಕೆಂಪಾದವು.

“ಹತ್ತೇ ಇದೆ,” ಎಂದರು. “ಟೀವೀಲಿ ಹನ್ನೊಂದು ಅಂತ ನೀವೇ ಹೇಳಿದ್ರಿ. ಏಣಿ ಒಯ್ದಿದ್ದೂ ನೀವೇ ಅಂತ ನೀವೇ ಹೇಳಿದ್ರಿ. ನನ್ನ ಮೆಟ್ಟಿಲು ಎಲ್ಲಿ ಅಳಿಯಂದ್ರೇ?”

ಮೈಕಣ್ಣ ತಾನೂ ಬೆರಳಿಟ್ಟು ಕೆಳಗಿನಿಂದ ಎಣಿಸತೊಡಗಿದ. ಬಾಲ್ಕನಿಗಳಲ್ಲಿ ನಿಂತಿದ್ದ ಹದಿನಾಲ್ಕು ಜನ ಘೊಳ್ಳೆಂದು ನಕ್ಕರು. ನಕ್ಕು ಸುಮ್ಮನಾದರು.

ಆಮೇಲೆ, ಅರ್ಧ ಗಳಿಗೆ ತಡವಾಗಿ, ಮಾವನ ಕಿಟಕಿಯ ಪರದೆಯ ಹಿಂದಿನಿಂದ ಸೈಕಲ್ಲಿಗೆ ಗಾಳಿ ಹೊಡೆದ ಸದ್ದು ಬಂತು. ಹಿಸ್ಸ್, ಹಿಸ್ಸ್, ಹಿಸ್ಸ್.